ಎತ್ತಿಗೆ ಜ್ವರ, ಮ್ಯಾನೇಜರ್‌ಗೆ ಬರೆ

2018ರ ಅಕ್ಟೋಬರ್ 2ರ ರಾತ್ರಿ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನಕ್ಕೆ ಯಾರೋ ಒಂದು ಎಲೆಕೋಸು ತಂದಿದ್ದರು. ಗೇಟಿನ ತಪಾಸಣೆ ದಾಟಿ ಅದು ಹೇಗೆ ಒಳಗೆ ಬಂತೋ! ಪ್ರೆಸ್ಟನ್ ನಾರ್ತ್ ಎಂಡ್ ವಿರುದ್ಧದ ಪಂದ್ಯ ಶುರುವಾಗುವ ಮೊದಲೇ ಆ ಎಲೆಕೋಸು ಆಸ್ಟನ್ ವಿಲ್ಲಾದ ಮ್ಯಾನೇಜರ್ ಸ್ಟೀವ್ ಬ್ರೂಸ್ ಕಡೆಗೆ ಹಾರಿ ಬಂತು. ಪೆಟ್ಟೇನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಆಮೇಲೆ. 2-0 ಮುಂದಿದ್ದ ತಂಡ 3-3ರ ಡ್ರಾಗೆ ಇಳಿಯಿತು, ಕೊನೆಯ ಗಳಿಗೆಯಲ್ಲಿ ಸಿಕ್ಕ ಪೆನಾಲ್ಟಿಯನ್ನೂ ಹಾಳುಮಾಡಿಕೊಂಡಿತು. ಮರುದಿನ ಬ್ರೂಸ್ ಕೆಲಸ ಹೋಯಿತು.

ಅಭಿಮಾನಿಗಳು ಮಿತಿಮೀರಿದರು ಎಂದು ಪತ್ರಿಕೆಗಳು ಬರೆದವು. ಮಿತಿಮೀರಿದ್ದು ನಿಜವೇ. ಆದರೆ ಮುಂದೆ ನಡೆದದ್ದು ನೀತಿ ಹೇಳುವವರಿಗೆ ಅಷ್ಟು ಅನುಕೂಲವಾಗಿಲ್ಲ. ಬ್ರೂಸ್ ಜಾಗಕ್ಕೆ ಬಂದ ಡೀನ್ ಸ್ಮಿತ್ ಬಾಲ್ಯದಿಂದಲೂ ವಿಲ್ಲಾ ಅಭಿಮಾನಿ. ಅವರ ಅಪ್ಪ ಇದೇ ಮೈದಾನದಲ್ಲಿ ಪ್ರೇಕ್ಷಕರನ್ನು ನೋಡಿಕೊಳ್ಳುವ ಸ್ಟೀವರ್ಡ್ ಆಗಿದ್ದವರು. ಆ ಋತುವಿನ ಕೊನೆಯ ತಿಂಗಳುಗಳಲ್ಲಿ ತಂಡ ಸತತ ಹತ್ತು ಪಂದ್ಯ ಗೆದ್ದು ಕ್ಲಬ್‌ನ ದಾಖಲೆ ಬರೆಯಿತು. 2019ರ ಮೇ ತಿಂಗಳಲ್ಲಿ ಪ್ಲೇ-ಆಫ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಮರಳಿತು. ಹಾಗಾದರೆ ಬದಲಾವಣೆ ಕೇಳಿದವರೇ ಸರಿಯಿದ್ದರೇ? ಎರಡೂವರೆ ವರ್ಷ ಕಳೆದು, 2021ರ ನವೆಂಬರ್‌ನಲ್ಲಿ, ಸತತ ಐದು ಸೋಲಿನ ನಂತರ ಅದೇ ಸ್ಮಿತ್ ಅವರ ತಲೆದಂಡವೂ ಆಯಿತು.

ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಬದಲಾವಣೆ ಎಂದೊಡನೆ ಎಲ್ಲರೂ ಮ್ಯಾಂಚೆಸ್ಟರ್ ಯುನೈಟೆಡ್ ಕಡೆ ನೋಡುತ್ತಾರೆ. ಆ ಕತೆ ಬೆಂಗಳೂರಿನ ಪಬ್‌ಗಳಲ್ಲಿ ವಾರಕ್ಕೊಮ್ಮೆ ಪಾರಾಯಣವಾಗುತ್ತದೆ. ಆದರೆ ಈ ವಿಷಯವನ್ನು ಬೇರುಸಹಿತ ನೋಡಬೇಕೆಂದರೆ ಆಸ್ಟನ್ ವಿಲ್ಲಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾಕೆಂದರೆ ಈ ಕ್ಲಬ್ಬು ಎಲ್ಲವನ್ನೂ ಮಾಡಿ ನೋಡಿದೆ.

1874ರಲ್ಲಿ ಹುಟ್ಟಿದ ಕ್ಲಬ್ ಇದು. 1888ರಲ್ಲಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಕಟ್ಟಿದ ವಿಲಿಯಂ ಮೆಕ್‌ಗ್ರೆಗರ್ ಎಂಬ ಜವಳಿ ವ್ಯಾಪಾರಿ ಇದೇ ಕ್ಲಬ್‌ನ ಸಮಿತಿಯಲ್ಲಿದ್ದವರು. ಆ ಕಾಲದಲ್ಲಿ ಇಂದಿನ ಅರ್ಥದ ಮ್ಯಾನೇಜರ್ ಎಂಬವನೇ ಇರಲಿಲ್ಲ. ಆಟಗಾರರನ್ನು ಆರಿಸುತ್ತಿದ್ದದ್ದು ಸಮಿತಿ. ವ್ಯವಹಾರ ನೋಡಿಕೊಳ್ಳಲು ಒಬ್ಬ ಕಾರ್ಯದರ್ಶಿ. ವಿಲ್ಲಾದ ಕಾರ್ಯದರ್ಶಿ ಜಾರ್ಜ್ ರ‍್ಯಾಮ್ಸೆ ಸುಮಾರು 40 ವರ್ಷ ಆ ಕುರ್ಚಿಯಲ್ಲಿದ್ದು ಆರು ಲೀಗ್, ಆರು ಎಫ್‌ಎ ಕಪ್ ಕಂಡರು. ಸೋತಾಗ ಜನ ಬೈಯುತ್ತಿರಲಿಲ್ಲ ಎಂದಲ್ಲ. ಬೈಯಲು ಒಂದೇ ಮುಖ ಇರಲಿಲ್ಲ, ಅಷ್ಟೆ. ವಿಲ್ಲಾ ಅಧಿಕೃತವಾಗಿ ಮ್ಯಾನೇಜರ್ ಒಬ್ಬರನ್ನು ನೇಮಿಸಿದ್ದು 1934ರಲ್ಲಿ, ಜಿಮ್ಮಿ ಮೆಕ್‌ಮಲನ್ ಅವರನ್ನು. ಮರುವರ್ಷವೇ ಅವರು ಹೊರನಡೆದರು. 1936ರಲ್ಲಿ ವಿಲ್ಲಾ ಮೊದಲ ಬಾರಿಗೆ ಎರಡನೇ ದರ್ಜೆಗೆ ಕುಸಿಯಿತು. ಸೋಲಿಗೆ ಉತ್ತರ ಕೊಡಬೇಕಾದ ಹುದ್ದೆಯೊಂದು ಹುಟ್ಟಿತು, ಅದರ ಜೊತೆಗೇ ಅದನ್ನು ಖಾಲಿ ಮಾಡಿಸುವ ರೂಢಿಯೂ.

ಅಭಿಮಾನಿಯ ನಿರೀಕ್ಷೆ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ 1982 ಸಾಕ್ಷಿ. ಹಿಂದಿನ ವರ್ಷವಷ್ಟೇ ವಿಲ್ಲಾಕ್ಕೆ 71 ವರ್ಷಗಳ ನಂತರ ಲೀಗ್ ಪ್ರಶಸ್ತಿ ತಂದುಕೊಟ್ಟಿದ್ದ ರಾನ್ ಸೌಂಡರ್ಸ್, ಫೆಬ್ರುವರಿಯಲ್ಲಿ ಆಡಳಿತದವರೊಂದಿಗೆ ಜಗಳವಾಡಿ ರಾಜೀನಾಮೆ ಕೊಟ್ಟರು. ಯುರೋಪಿಯನ್ ಕಪ್ ನಡುವಿನಲ್ಲಿ ತಂಡಕ್ಕೆ ಯಜಮಾನನಿಲ್ಲ. ಸಹಾಯಕರಾಗಿದ್ದ ಟೋನಿ ಬಾರ್ಟನ್‌ಗೆ ಪಟ್ಟ ಕಟ್ಟಿದರು. ಮೂರು ತಿಂಗಳ ನಂತರ ರಾಟರ್‌ಡ್ಯಾಮ್‌ನಲ್ಲಿ ಪೀಟರ್ ವಿದ್ ಹೊಡೆದ ಏಕೈಕ ಗೋಲಿನಿಂದ ಬಯರ್ನ್ ಮ್ಯೂನಿಕ್ ಸೋತಿತು; ವಿಲ್ಲಾ ಯುರೋಪಿನ ಚಾಂಪಿಯನ್ ಆಯಿತು. ಮ್ಯಾನೇಜರ್ ಹೋದರೂ ತಂಡ ಗೆಲ್ಲುತ್ತದೆ ಎಂದು ಇದರಿಂದ ಹೇಳಬೇಕೇ, ಸೌಂಡರ್ಸ್ ಕಟ್ಟಿದ ತಂಡ ಸೌಂಡರ್ಸ್ ಇಲ್ಲದೆಯೂ ಗೆದ್ದಿತು ಎನ್ನಬೇಕೇ? ವಿಲ್ಲಾ ಪಾರ್ಕಿನ ಹೋಲ್ಟ್ ಎಂಡ್ ಗ್ಯಾಲರಿಯಲ್ಲಿ ಕೂರುವವರಿಗೆ ಇದರ ತರ್ಕ ಬೇಕಿಲ್ಲ. ಅವರಿಗೆ ನೆನಪಿರುವುದು ಕಪ್. ಬಾರ್ಟನ್ ಅವರನ್ನು 1984ರಲ್ಲಿ ತೆಗೆದರು. 1987ರಲ್ಲಿ, ಯುರೋಪ್ ಗೆದ್ದು ಬರೀ ಐದು ವರ್ಷಕ್ಕೆ, ಕ್ಲಬ್ ಮತ್ತೆ ಎರಡನೇ ದರ್ಜೆಯಲ್ಲಿತ್ತು. ಆ ದಿನಗಳ ಅಧ್ಯಕ್ಷ ಡಗ್ ಎಲಿಸ್‌ಗೆ ಮ್ಯಾನೇಜರ್‌ಗಳನ್ನು ತೆಗೆಯುವ ಹುರುಪಿನಿಂದಾಗಿಯೇ ‘ಡೆಡ್ಲಿ ಡಗ್’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಇನ್ನು ಸಾಲುಸಾಲು ತಲೆದಂಡಗಳ ಕಾಲ. ಮಾರ್ಟಿನ್ ಓನೀಲ್ 2008, 2009, 2010ರಲ್ಲಿ ತಂಡವನ್ನು ಸತತ ಮೂರು ಸಲ ಆರನೇ ಸ್ಥಾನಕ್ಕೆ ತಂದರು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಎನ್ನುವ ನಮ್ಮ ಗಾದೆಯನ್ನು ಇಲ್ಲಿ ತುಸು ತಿರುಗಿಸಬೇಕು: ಆರಕ್ಕೇರಿದ್ದರು, ನಾಲ್ಕಕ್ಕೆ ಏರಲಿಲ್ಲ. ಆಗ ನಾಲ್ಕರೊಳಗೆ ಬಂದರಷ್ಟೇ ಚಾಂಪಿಯನ್ಸ್ ಲೀಗ್. ಗೊಣಗಾಟ ಶುರುವಾಗಿತ್ತು. 2010ರ ಆಗಸ್ಟ್ 9ರಂದು, ಹೊಸ ಋತುವಿಗೆ ಐದೇ ದಿನ ಇರುವಾಗ, ಓನೀಲ್ ತಾವೇ ಹೊರನಡೆದರು. ಅಲ್ಲಿಂದ 2018ರ ಅಕ್ಟೋಬರ್‌ವರೆಗೆ ಎಂಟು ವರ್ಷದಲ್ಲಿ ಏಳು ಮಂದಿ ಪೂರ್ಣಾವಧಿ ಮ್ಯಾನೇಜರ್‌ಗಳು ಬಂದು ಹೋದರು. ಜೆರಾರ್ ಉಲಿಯೆ ಅನಾರೋಗ್ಯದಿಂದ ಬಿಟ್ಟರು. ಅವರ ನಂತರ ಬಂದ ಅಲೆಕ್ಸ್ ಮೆಕ್‌ಲೀಶ್ ಬದ್ಧ ವೈರಿ ಬರ್ಮಿಂಗ್‌ಹ್ಯಾಮ್ ಸಿಟಿಯಿಂದ ನೇರವಾಗಿ ಈ ಮನೆಗೆ ನಡೆದು ಬಂದವರು. ಅವರು ಬರುವ ಮೊದಲೇ ಮೈದಾನದ ಮುಂದೆ ಪ್ರತಿಭಟನೆ, ಅಭ್ಯಾಸ ಕೇಂದ್ರದ ಬಳಿ ಗೋಡೆಬರಹ. ಋತುವಿನಲ್ಲಿ ಏಳೇ ಗೆಲುವು, ಹಿಂಬಡ್ತಿಯಿಂದ ಎರಡೇ ಅಂಕದ ಅಂತರ. ಪಾಲ್ ಲ್ಯಾಂಬರ್ಟ್ ಎರಡೂವರೆ ವರ್ಷ ಇದ್ದರು. ಟಿಮ್ ಶೆರ್ವುಡ್ 2015ರ ಮೇನಲ್ಲಿ ತಂಡವನ್ನು ಎಫ್‌ಎ ಕಪ್ ಫೈನಲ್‌ಗೆ ಒಯ್ದರು, ಅಕ್ಟೋಬರ್‌ನಲ್ಲಿ ಮನೆಗೆ ಹೋದರು. ರೆಮಿ ಗಾರ್ಡ್ ಐದು ತಿಂಗಳೂ ಪೂರೈಸಲಿಲ್ಲ. ಆ ವರ್ಷ ವಿಲ್ಲಾ ಗಳಿಸಿದ್ದು 38 ಪಂದ್ಯಗಳಿಂದ 17 ಅಂಕ.

ಎರಡನೇ ದರ್ಜೆಗೆ ಬಿದ್ದ ತಂಡವನ್ನು ಎತ್ತಲು ಕರೆತಂದದ್ದು ರಾಬರ್ಟೊ ಡಿ ಮಟೆಯೊ ಅವರನ್ನು. 2012ರ ಮೇ 19ರಂದು ಚೆಲ್ಸಿಗೆ ಅದರ ಮೊದಲ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ, ಅದೇ ನವೆಂಬರ್ 21ಕ್ಕೆ ಚೆಲ್ಸಿಯಿಂದ ವಜಾ ಆದ ಡಿ ಮಟೆಯೊ. ವಿಲ್ಲಾದಲ್ಲಿ ಅವರಿಗೆ ಸಿಕ್ಕದ್ದು 12 ಪಂದ್ಯ.

ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಒಬ್ಬರ ಆಟದ ಬಗೆಗೂ ಮತ್ತೊಬ್ಬರದಕ್ಕೂ ಸಂಬಂಧವಿಲ್ಲ. ಒಬ್ಬರು ರಕ್ಷಣೆಯನ್ನೇ ನಂಬಿದವರು, ಮತ್ತೊಬ್ಬರು ಹುಡುಗರನ್ನು ಬೆಳೆಸುತ್ತೇನೆಂದವರು, ಮಗದೊಬ್ಬರು ಮಾತಿನ ಮಲ್ಲರು. ಪ್ರತಿಯೊಬ್ಬರೂ ತಮಗೆ ಬೇಕಾದ ಆಟಗಾರರನ್ನು ಕೊಂಡರು, ಮುಂದಿನವರಿಗೆ ಅವರು ಬೇಡವಾದರು. ಅಷ್ಟೂ ಮಂದಿಯನ್ನು ಆರಿಸಿದ ಮಾಲೀಕರು ಮಾತ್ರ ಇಬ್ಬರೇ: 2006ರಿಂದ 2016ರವರೆಗೆ ರ‍್ಯಾಂಡಿ ಲರ್ನರ್, ನಂತರ ಎರಡು ವರ್ಷ ಟೋನಿ ಷಿಯಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತೇವಲ್ಲ, ಅದು ಇದೇ.

ಬರೆ ಮ್ಯಾನೇಜರ್‌ಗೇ ಏಕೆ ಬೀಳುತ್ತದೆ ಎಂಬುದಕ್ಕೆ ವ್ಯವಸ್ಥೆಯೊಳಗೇ ಕಾರಣವಿದೆ. 2002-03ರಿಂದ ಆಟಗಾರರ ಖರೀದಿ ಮಾರಾಟಕ್ಕೆ ವರ್ಷಕ್ಕೆ ಎರಡೇ ಅವಕಾಶ, ಬೇಸಿಗೆಯಲ್ಲೊಂದು, ಜನವರಿಯಲ್ಲೊಂದು. ಅಕ್ಟೋಬರ್‌ನಲ್ಲಿ ತಂಡ ಕುಸಿದರೆ ಇಪ್ಪತ್ತೈದು ಆಟಗಾರರನ್ನು ಬದಲಿಸಲು ಬರುವುದಿಲ್ಲ. ಅವರಿಗೆಲ್ಲ ವರ್ಷಗಟ್ಟಲೆ ಒಪ್ಪಂದವಿದೆ. ಮಾಲೀಕ ತನ್ನನ್ನು ತಾನೇ ಕೆಲಸದಿಂದ ತೆಗೆಯುವುದಿಲ್ಲ. ಉಳಿದವನು ಒಬ್ಬನೇ. ಟಿಕೆಟ್ ಕೊಂಡವನ ಸಿಟ್ಟಿಗೆ ಏನಾದರೂ ಮಾಡಿದೆವು ಎಂದು ತೋರಿಸಬೇಕಾದಾಗ ಕೈಗೆ ಎಟಕುವ ವಸ್ತುವೂ ಅವನೇ.

ಅದರಿಂದ ಗುಣವಾಗುತ್ತದೆಯೇ? ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಅವರು ನೆದರ್‌ಲೆಂಡ್ಸ್‌ನ ಮೊದಲ ದರ್ಜೆಯ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಮ್ಯಾನೇಜರ್‌ನನ್ನು ತೆಗೆದ ಮೇಲೆ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದರೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಜ್ವರ ಇಳಿಯುವ ಹೊತ್ತಿಗೆ ಕಷಾಯ ಕೊಟ್ಟವರಿಗೆ ಹೆಸರು ಬಂದಿತ್ತು, ಅಷ್ಟೆ. ಇನ್ನೊಂದು ಕಡೆ ಸ್ಟೆಫಾನ್ ಶಿಮಾನ್ಸ್ಕಿ ಮತ್ತು ಸೈಮನ್ ಕೂಪರ್ ಜೋಡಿ ತಮ್ಮ ‘ಸಾಕರ್‌ನಾಮಿಕ್ಸ್’ ಪುಸ್ತಕದಲ್ಲಿ, ಕ್ಲಬ್ಬೊಂದು ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೂ ದೀರ್ಘಕಾಲದಲ್ಲಿ ಲೀಗ್ ಪಟ್ಟಿಯಲ್ಲಿ ಅದು ನಿಲ್ಲುವ ಜಾಗಕ್ಕೂ ಬಹಳ ಹತ್ತಿರದ ನಂಟಿದೆ ಎಂದು ತೋರಿಸಿದರು. ಮ್ಯಾನೇಜರ್‌ಗಳಲ್ಲಿ ಬಹುಪಾಲು ಜನ ಆ ಜಾಗವನ್ನು ಹೆಚ್ಚು ಅಲುಗಿಸಲಾರರು.

ಔಷಧಿ ಅಗ್ಗವೂ ಅಲ್ಲ. ಜೋಸೆ ಮೊರಿನ್ಯೊ ಮತ್ತು ಅವರ ಸಹಾಯಕರನ್ನು 2018ರಲ್ಲಿ ಕಳಿಸಿದ್ದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ತೆತ್ತದ್ದು 1.96 ಕೋಟಿ ಪೌಂಡ್. ಅದೇ ಯುನೈಟೆಡ್ 2024ರ ಜುಲೈನಲ್ಲಿ ಎರಿಕ್ ಟೆನ್ ಹಾಗ್ ಒಪ್ಪಂದವನ್ನು ಮುಂದುವರಿಸಿ, ಅಕ್ಟೋಬರ್‌ನಲ್ಲಿ ಅವರನ್ನು ವಜಾ ಮಾಡಿ, ಒಂದು ಕೋಟಿಗೂ ಹೆಚ್ಚು ಪೌಂಡ್ ಪರಿಹಾರ ಕೊಟ್ಟಿತು. ನಾಲ್ಕು ತಿಂಗಳೊಳಗೆ ಮನಸ್ಸು ಬದಲಿಸಿದವರು ಗ್ಯಾಲರಿಯಲ್ಲಿ ಕೂತವರಲ್ಲ ಎಂಬುದನ್ನು ಗಮನಿಸಬೇಕು.

ಅಭಿಮಾನಿಗೆ ತಾಳ್ಮೆಯಿಲ್ಲ ಎಂದು ಹೇಳುವವರೆಲ್ಲ ಕೊನೆಗೆ ಅಲೆಕ್ಸ್ ಫರ್ಗ್ಯುಸನ್ ಹೆಸರು ತೆಗೆಯುತ್ತಾರೆ. 1986ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದವರು ಮೂರು ವರ್ಷ ಏನೂ ಗೆಲ್ಲಲಿಲ್ಲ, 1989ರ ಡಿಸೆಂಬರ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಅವರಿಗೆ ವಿದಾಯ ಹೇಳುವ ಬಟ್ಟೆಯ ಫಲಕವೇ ಎದ್ದಿತ್ತು, ಆ ಋತುವಿನಲ್ಲಿ ತಂಡ 13ನೇ ಸ್ಥಾನಕ್ಕೆ ಇಳಿಯಿತು, ಆಡಳಿತ ಕಾದಿತು, ಮುಂದೆ 13 ಲೀಗ್ ಪ್ರಶಸ್ತಿ ಬಂದವು. ಇದೆಲ್ಲ ನಿಜ. ಇದರ ಪಕ್ಕದಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. 1989ರ ಸೆಪ್ಟೆಂಬರ್‌ನಲ್ಲಿ ಫರ್ಗ್ಯುಸನ್ ತಂಡವನ್ನು 5-1ರಿಂದ ಬಗ್ಗುಬಡಿದದ್ದು ಪಕ್ಕದ ಮನೆಯ ಮ್ಯಾಂಚೆಸ್ಟರ್ ಸಿಟಿ. ಸಿಟಿಯ ಮ್ಯಾನೇಜರ್ ಮೆಲ್ ಮೇಚಿನ್. ಎರಡು ತಿಂಗಳು ಕಳೆಯುತ್ತಿದ್ದಂತೆ ಕೆಲಸ ಕಳೆದುಕೊಂಡದ್ದು ಗೆದ್ದ ಮೇಚಿನ್, ಸೋತ ಫರ್ಗ್ಯುಸನ್ ಅಲ್ಲ. ತಾಳ್ಮೆಗೆ ಫಲ ಸಿಕ್ಕ ಒಂದು ಕತೆಯನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ತಾಳ್ಮೆಯಿಂದ ಕಾದು ಕಾದು ಕೆಳದರ್ಜೆಗೆ ಬಿದ್ದ ಕ್ಲಬ್‌ಗಳ ಕತೆಗೆ ಪುಸ್ತಕ ಬರೆಯುವವರಿಲ್ಲ.

ನಿರೀಕ್ಷೆ ಅತಿಯಾಗಿ ಮುಳುಗಿದವರೂ ಇದ್ದಾರೆ, ಅದನ್ನು ಮರೆಮಾಚಬೇಕಿಲ್ಲ. ಲಂಡನ್ನಿನ ಚಾರ್ಲ್‌ಟನ್ ಅಥ್ಲೆಟಿಕ್‌ನಲ್ಲಿ ಅಲನ್ ಕರ್ಬಿಶ್ಲಿ 15 ವರ್ಷ ಇದ್ದರು. 2003-04ರಲ್ಲಿ ಏಳನೇ ಸ್ಥಾನ, ಅದರ ಆಸುಪಾಸಿನ ವರ್ಷಗಳಲ್ಲಿ ಪಟ್ಟಿಯ ನಡುವೆ. ಇನ್ನೂ ಮೇಲಕ್ಕೆ ಹೋಗಬೇಕು ಎಂಬ ಮಾತು ಶುರುವಾಯಿತು. 2006ರಲ್ಲಿ ಕರ್ಬಿಶ್ಲಿ ಬಿಟ್ಟರು. ಮುಂದಿನ ಒಂದೇ ಋತುವಿನಲ್ಲಿ ಮೂವರು ಮ್ಯಾನೇಜರ್‌ಗಳು ಬಂದರು. 2007ರಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. 2009ರಲ್ಲಿ ಮೂರನೇ ದರ್ಜೆಗೆ ಇಳಿಯಿತು.

ಆದರೆ ಇದಕ್ಕೆ ತದ್ವಿರುದ್ಧದ ಸಾಕ್ಷ್ಯವೂ ಅಷ್ಟೇ ಗಟ್ಟಿ. 5000ಕ್ಕೆ 1ರ ಬಾಜಿಯಿದ್ದ ಲೆಸ್ಟರ್ ಸಿಟಿಯನ್ನು 2016ರಲ್ಲಿ ಚಾಂಪಿಯನ್ ಮಾಡಿದ ಕ್ಲಾಡಿಯೊ ರನಿಯೇರಿಯನ್ನು ಒಂಬತ್ತು ತಿಂಗಳಿಗೆ ಕಳಿಸಿದಾಗ, ಅದಕ್ಕಾಗಿ ಬೀದಿಗಿಳಿದ ಅಭಿಮಾನಿಗಳಿರಲಿಲ್ಲ, ತೀರ್ಮಾನ ಮಾಲೀಕರದು. ಡಿ ಮಟೆಯೊ ಹೋದ ಮೇಲೆ ಚೆಲ್ಸಿ ಅಭಿಮಾನಿಗಳು ಪಂದ್ಯಪಂದ್ಯಕ್ಕೂ 16ನೇ ನಿಮಿಷದಲ್ಲಿ ಅವರ ಹೆಸರು ಹಾಡಿದರು, ಅದು ಆಟಗಾರನಾಗಿ ಅವರು ತೊಟ್ಟಿದ್ದ ಅಂಗಿಯ ಸಂಖ್ಯೆ. ಟಾಟನ್‌ಹ್ಯಾಮ್ ಉದಾಹರಣೆ ಇನ್ನೂ ತಮಾಷೆಯದು. 2025ರ ಮೇ 21ರಂದು ಆಂಜ್ ಪೊಸ್ಟೆಕೊಗ್ಲು ಯುರೋಪಾ ಲೀಗ್ ಗೆದ್ದುಕೊಟ್ಟರು. 17 ವರ್ಷಗಳಲ್ಲಿ ಕ್ಲಬ್‌ನ ಮೊದಲ ಪ್ರಶಸ್ತಿ. ಅದೇ ಋತುವಿನ ಲೀಗ್‌ನಲ್ಲಿ 22 ಸೋಲು, 17ನೇ ಸ್ಥಾನ. 16 ದಿನಕ್ಕೆ ವಜಾ. ಅಭಿಮಾನಿಗಳಲ್ಲಿ ಎರಡು ಪಂಗಡ: ಕಪ್ ಗೆದ್ದವನನ್ನು ಕಳಿಸುವುದೇ ಎನ್ನುವವರು, 22 ಸೋಲನ್ನು ಹೇಗೆ ಮರೆಯುವುದು ಎನ್ನುವವರು. ಕ್ಲಬ್ಬಿನಿಂದ ನಿಜಕ್ಕೂ ಬೇಕಾದ್ದು ಏನು ಎಂಬ ಬಗ್ಗೆ ಅಭಿಮಾನಿಗಳಲ್ಲೇ ಒಮ್ಮತವಿಲ್ಲ, ಇರಬೇಕಾಗಿಯೂ ಇಲ್ಲ. 2017ರ ಮಾರ್ಚ್‌ನಲ್ಲಿ ಆರ್ಸೆನಲ್ ಪಂದ್ಯದ ವೇಳೆ ಆಕಾಶದಲ್ಲಿ ಎರಡು ಪುಟ್ಟ ವಿಮಾನಗಳು ಹಾರಿದವು. ಒಂದರ ಬಾಲದ ಬ್ಯಾನರ್ ಮ್ಯಾನೇಜರ್ ಆರ್ಸೆನ್ ವೆಂಗರ್ ತೊಲಗಲಿ ಎನ್ನುತ್ತಿತ್ತು, ಇನ್ನೊಂದು ಅವರನ್ನು ಗೌರವಿಸಿ ಎನ್ನುತ್ತಿತ್ತು. ಬಾಡಿಗೆ ಕೊಟ್ಟವರು ಎರಡೂ ಕಡೆ ಅದೇ ಕ್ಲಬ್ಬಿನ ಅಭಿಮಾನಿಗಳು.

ವೆಂಗರ್ ನಂತರ ಆರ್ಸೆನಲ್‌ಗೆ ಬಂದವರು ಉನಾಯ್ ಎಮರಿ. ಅವರ ಇಂಗ್ಲಿಷ್ ಉಚ್ಚಾರವನ್ನು ಅಣಕಿಸಿ ನಕ್ಕರು. ಗೆಲುವಿಲ್ಲದ ಏಳು ಪಂದ್ಯಗಳಾದ ಮೇಲೆ 2019ರ ನವೆಂಬರ್‌ನಲ್ಲಿ ಹೊರಗೆ ಹಾಕಿದರು. ಎಮರಿ ಸ್ಪೇನಿಗೆ ಮರಳಿ ವಿಯಾರಿಯಲ್ ಎಂಬ ಸಣ್ಣ ಪಟ್ಟಣದ ಕ್ಲಬ್ ಸೇರಿದರು, 2021ರ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಅದೇ ಆರ್ಸೆನಲ್ ತಂಡವನ್ನು ಸೋಲಿಸಿ ಕಪ್ ಎತ್ತಿದರು. ಇತ್ತ ವಿಲ್ಲಾದಲ್ಲಿ ಸ್ಮಿತ್ ಜಾಗಕ್ಕೆ ಬಂದವರು ಸ್ಟೀವನ್ ಜೆರಾರ್ಡ್. ಆಟಗಾರನಾಗಿ ದೊಡ್ಡ ಹೆಸರು. ಹೆಸರು ನೋಡಿಯೇ ಕರೆದಂತಿತ್ತು. ಒಂದು ವರ್ಷವೂ ತುಂಬಲಿಲ್ಲ. 2022ರ ಅಕ್ಟೋಬರ್ 20ರಂದು ಫುಲ್ಹ್ಯಾಮ್ ವಿರುದ್ಧ 3-0 ಸೋತ ರಾತ್ರಿಯೇ ಅವರನ್ನು ಕಳಿಸಿದರು. ನಾಲ್ಕು ದಿನಕ್ಕೆ ಎಮರಿ ಹೆಸರು ಪ್ರಕಟವಾಯಿತು.

ಹಿಂಬಡ್ತಿಯ ಅಂಚಿನಲ್ಲಿದ್ದ ತಂಡ ಆ ಋತುವನ್ನು ಏಳನೇ ಸ್ಥಾನದಲ್ಲಿ ಮುಗಿಸಿತು, ಬಹುಪಾಲು ಅದೇ ಆಟಗಾರರನ್ನು ಇಟ್ಟುಕೊಂಡು. ಮುಂದಿನ ವರ್ಷ ನಾಲ್ಕನೇ ಸ್ಥಾನ. 2024ರ ಅಕ್ಟೋಬರ್‌ನಲ್ಲಿ ವಿಲ್ಲಾ ಪಾರ್ಕಿಗೆ ಬಂದ ಬಯರ್ನ್ ಮ್ಯೂನಿಕ್ ಮತ್ತೆ 1-0ರಿಂದಲೇ ಸೋತಿತು, ರಾಟರ್‌ಡ್ಯಾಮ್‌ನ ಅಂಕಿಯೇ. ಆ ಸಲದ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಪ್ಯಾರಿಸ್ ಸಾಂ ಜೆರ್ಮನ್ ಎದುರು ಎರಡು ಪಂದ್ಯ ಸೇರಿ ಒಂದೇ ಗೋಲಿನಿಂದ ಹೊರಬಿದ್ದರು. ಸಂಬಳದ ಪಟ್ಟಿಯೇ ಎಲ್ಲವನ್ನೂ ಹೇಳುತ್ತದೆ ಎನ್ನುವವರು ಈ ಒಂದು ಉದಾಹರಣೆಯ ಮುಂದೆ ಸ್ವಲ್ಪ ತಡವರಿಸಬೇಕಾಗುತ್ತದೆ. ಮ್ಯಾನೇಜರ್ ಮುಖ್ಯನಲ್ಲ ಎಂದಲ್ಲ. ಸರಿಯಾದವನು ಸರಿಯಾದ ಮನೆಗೆ ಬರುವುದು ಅಪರೂಪ. ಲಂಡನ್ನಿನಲ್ಲಿ ನಗೆಪಾಟಲಾದ ಮನುಷ್ಯ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಾಧ್ಯನಾದ. ಅತ್ತ ಆರ್ಸೆನಲ್ ಕೂಡ ಕೆಟ್ಟಿಲ್ಲ: ಎಮರಿ ನಂತರ ಬಂದ ಮಿಕೆಲ್ ಆರ್ಟೆಟಾ ಎರಡು ವರ್ಷ ಎಂಟನೇ ಸ್ಥಾನ, 2021-22ರ ಮೊದಲ ಮೂರು ಪಂದ್ಯಗಳಲ್ಲಿ ಒಂದೂ ಗೋಲಿಲ್ಲದ ಸೋಲು ಕಂಡರೂ ಉಳಿದುಕೊಂಡರು, ಮುಂದೆ ಸತತ ಮೂರು ವರ್ಷ ತಂಡವನ್ನು ಎರಡನೇ ಸ್ಥಾನಕ್ಕೆ ತಂದರು. ಒಬ್ಬನನ್ನು ಕಳಿಸಿದ ಕ್ಲಬ್ಬೇ ಮತ್ತೊಬ್ಬನ ವಿಷಯದಲ್ಲಿ ಕಾದಿತು. ಎರಡೂ ಸರಿಹೋದವು.

ಇನ್ನು ನಮ್ಮ ಕಂಠೀರವ ಕ್ರೀಡಾಂಗಣ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಅಭಿಮಾನಿಗಳ ಕಷ್ಟ ವಿಲ್ಲಾದವರಿಗಿಂತ ಬೇರೆ. ಇವರಿಗೆ ಶುರುವಿನಲ್ಲೇ ಸಿಹಿ ಸಿಕ್ಕಿಬಿಟ್ಟಿತು. ಆಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದರು, 2016ರಲ್ಲಿ ಇನ್ನೊಮ್ಮೆ. ಆಲ್ಬರ್ಟ್ ರೋಕಾ ಬಂದು ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ರೋಕಾ ಸಹಾಯಕರಾಗಿದ್ದ ಕಾರ್ಲೆಸ್ ಕ್ವದ್ರಾತ್ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟ ತಂದರು. ಆರು ವರ್ಷದಲ್ಲಿ ಇಷ್ಟೆಲ್ಲ ಕಂಡ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗದ ಹುಡುಗರಿಗೆ ಗೆಲುವೇ ಅಭ್ಯಾಸವಾಗಿದ್ದರೆ ಅದು ಅವರ ತಪ್ಪಲ್ಲ.

2021ರ ಜನವರಿಯಲ್ಲಿ ಸತತ ಮೂರು ಸೋಲಿನ ನಂತರ ಕ್ವದ್ರಾತ್ ಅವರನ್ನು ಕಳಿಸಲಾಯಿತು. ಕೋವಿಡ್ ಕಾಲ, ಲೀಗ್ ಪೂರ್ತಿ ಗೋವಾದಲ್ಲಿ, ಖಾಲಿ ಮೈದಾನಗಳಲ್ಲಿ ನಡೆಯುತ್ತಿತ್ತು. ಕೂಗಿ ಇಳಿಸಲು ಗ್ಯಾಲರಿಯಲ್ಲಿ ಒಬ್ಬ ಅಭಿಮಾನಿಯೂ ಇರಲಿಲ್ಲ. ಜನರ ಒತ್ತಡಕ್ಕೆ ಮಣಿದೆವು ಎಂದು ಹೇಳಲು ಯಾರಿಗೂ ಅವಕಾಶವಿಲ್ಲದ ವಜಾ ಅದು. ಆಮೇಲೆ ಮಾರ್ಕೊ ಪೆಜಾಯುವೊಲಿ. ಆಮೇಲೆ ಸೈಮನ್ ಗ್ರೇಸನ್, 2022ರ ಡ್ಯುರಾಂಡ್ ಕಪ್ ಗೆದ್ದು, 2023ರ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತು, ಅದೇ ವರ್ಷದ ಡಿಸೆಂಬರ್‌ನಲ್ಲಿ ವಜಾ ಆದವರು. ಆಮೇಲೆ ಹೆರಾರ್ಡ್ ಸರಗೋಸಾ. ಗ್ರೇಸನ್ ಹೋದ ಆ ಋತು, 2023-24ರಲ್ಲಿ, ತಂಡ ಹನ್ನೆರಡರಲ್ಲಿ ಹತ್ತನೆಯದಾಯಿತು. ಸರಗೋಸಾ ಅವರನ್ನು ಆಗ ಕಳಿಸಲಿಲ್ಲ. ಮರುವರ್ಷ ಅವರು ಫೈನಲ್ ತಲುಪಿದರು.

ಕ್ವದ್ರಾತ್ ಕೋಲ್ಕತ್ತಕ್ಕೆ ಹೋಗಿ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಆ ಕ್ಲಬ್‌ಗೆ 12 ವರ್ಷಗಳ ನಂತರ ಸಿಕ್ಕ ರಾಷ್ಟ್ರೀಯ ಮಟ್ಟದ ಪ್ರಶಸ್ತಿ. ಜನ ಅವರನ್ನು ಹೊತ್ತು ಮೆರೆಸಿದರು. ಎಂಟು ತಿಂಗಳು ಕಳೆದು ಹೊಸ ಲೀಗ್‌ನ ಮೊದಲ ಮೂರು ಪಂದ್ಯ ಸೋತಾಗ ರಾಜೀನಾಮೆ. ಆ ಮೂರರಲ್ಲಿ ಮೊದಲ ಸೋಲು ಕಂಠೀರವದಲ್ಲೇ, ಬೆಂಗಳೂರು ಎಫ್‌ಸಿ ಎದುರು, 1-0.

ಯಾವ ಕೋಚ್ ಬೇಕು ಎಂದು ಜಗಳವಾಡುವುದೂ ಒಂದು ಭಾಗ್ಯವೇ ಎಂಬುದು ನಮ್ಮವರಿಗೆ ತಿಳಿದದ್ದು 2025ರಲ್ಲಿ. ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ನಡುವಿನ ಒಪ್ಪಂದ ನವೀಕರಣವಾಗದೆ, ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಋತುವಿಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು.